ಕಾಲಕ್ಕೆ ತಕ್ಕಂತೆ ಬದಲಾಗುವ ಅಗ್ಗದ ಮನೆ: ನಮ್ಮ ಭಾಗದಲ್ಲಿ ಅಧ್ಯಯನ ಎಲ್ಲಿಂದ ಆರಂಭವಾಗಬೇಕು?

ಪ್ರಶ್ನೆ
ಮಾಳಮಡ್ಡಿ_ಅಧ್ಯಾಪಕಿ (ಧಾರವಾಡ)

ಎಲ್ಲರಿಗೂ ನಮಸ್ಕಾರ. ನಾನು ವಾಸ್ತುಶಿಲ್ಪ ಕಲಿಸುವವಳು. ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳ ಜೊತೆಗೂಡಿ ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳಲ್ಲಿ ಕಡಿಮೆ ಆದಾಯದ ಕುಟುಂಬಗಳ ಮನೆಗಳನ್ನು ಕುರಿತು ಅಧ್ಯಯನವೊಂದನ್ನು ಕೈಗೊಳ್ಳಲಿದ್ದೇನೆ. ಮನೆ ಕಟ್ಟಲು ಎಷ್ಟು ಖರ್ಚಾಯಿತು ಎಂದು ಎಲ್ಲರೂ ಕೇಳುತ್ತಾರೆ. ಗೃಹಪ್ರವೇಶದ ನಂತರದ ಹತ್ತು-ಹದಿನೈದು ವರ್ಷಗಳಲ್ಲಿ ಅದೇ ಮನೆಯನ್ನು ಒಡೆಯುವುದಕ್ಕೆ, ಸೇರಿಸುವುದಕ್ಕೆ, ಇಬ್ಭಾಗ ಮಾಡುವುದಕ್ಕೆ ಎಷ್ಟು ಹೋಯಿತು ಎಂಬ ಲೆಕ್ಕವನ್ನು ಯಾರೂ ಕೇಳಿದಂತಿಲ್ಲ. ನಮ್ಮ ಅಧ್ಯಯನ ಈ ಎರಡನೆಯ ಲೆಕ್ಕವನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕೆಂಬುದು ನನ್ನ ಇಚ್ಛೆ.

ಈ ಯೋಚನೆ ಬಂದದ್ದು ನವಲಗುಂದ ತಾಲೂಕಿನಲ್ಲಿದ್ದ ನಮ್ಮ ಅಜ್ಜನ ಮನೆಯಿಂದ. ಮುಂದೆ ಬಂಕ, ಒಳಗೆ ಕಾಲಿಟ್ಟೊಡನೆ ದನ ಕಟ್ಟುವ ಜಾಗ, ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅದರಾಚೆ ಅಡುಗೆಮನೆ, ಬಚ್ಚಲು, ಹಿತ್ತಲು, ಹೀಗೆ ಎಲ್ಲವೂ ಒಂದೇ ಸಾಲಿನಲ್ಲಿದ್ದ ಮೇಲ್ಮುದ್ದೆಯ, ಅಂದರೆ ಮಣ್ಣಿನ ಮಾಳಿಗೆಯ, ಮನೆ ಅದು. ದನಗಳನ್ನು ಮಾರಿದ ವರ್ಷ ಕೊಟ್ಟಿಗೆಯ ಜಾಗ ಬೈಕಿಗೂ ಗೊಬ್ಬರದ ಚೀಲಗಳಿಗೂ ಸಂದಿತು. ಕಾಳು ತುಂಬಿಡುವ ನೆಲದ ಕುಳಿಯಾದ ಹಗೇವನ್ನು ಮುಚ್ಚಿ ಮೇಲೆ ಫರಸಿ ಹಾಸಿದರು. ವಾಟಣಿಯಾದಾಗ, ಅಂದರೆ ಆಸ್ತಿ ಪಾಲಾದಾಗ, ಪಡಸಾಲೆಯ ನಟ್ಟನಡುವೆ ನಾಲ್ಕೂವರೆ ಇಂಚಿನ ಗೋಡೆ ಎದ್ದಿತು. ಬೆಳಕಿಂಡಿ ಒಬ್ಬರ ಪಾಲಿಗೆ ಹೋಯಿತು, ಬಚ್ಚಲು ಇನ್ನೊಬ್ಬರ ಪಾಲಿಗೆ. ದೊಡ್ಡಪ್ಪನ ಕಡೆಯವರು ಮೂರು ವರ್ಷ ಹಾಡುಹಗಲೇ ದೀಪ ಹಾಕಿಕೊಂಡು ರೊಟ್ಟಿ ಬಡಿದದ್ದನ್ನು ನಾನು ಕಂಡಿದ್ದೇನೆ. ಆದರೂ ಆ ಮನೆ ನಾಲ್ಕು ತಲೆಮಾರುಗಳ ಬದಲಾವಣೆಯನ್ನು ತಾಳಿಕೊಂಡಿತು ಎಂಬುದನ್ನು ಮರೆಯುವಂತಿಲ್ಲ.

ಇಂದು ನೆರವಿನಿಂದ ಕಟ್ಟುವ ಮನೆಗಳಿಗೆ ಅಷ್ಟು ತಾಳ್ಮೆ ಇದೆಯೇ ಎಂಬುದು ನನ್ನ ಸಂದೇಹ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ 2016ರಲ್ಲಿ ಆರಂಭವಾದಾಗ ಮನೆಯ ಕನಿಷ್ಠ ವಿಸ್ತೀರ್ಣವನ್ನು 20ರಿಂದ 25 ಚದರ ಮೀಟರಿಗೆ ಏರಿಸಲಾಯಿತು. ಬಯಲುಸೀಮೆಯ ಮನೆಯೊಂದಕ್ಕೆ 1.20 ಲಕ್ಷ ರೂಪಾಯಿಯ ನೆರವು ನಿಗದಿಯಾಯಿತು. 25 ಚದರ ಮೀಟರ್ ಎಂದರೆ ಸುಮಾರು 270 ಚದರ ಅಡಿ. ಗಂಡ, ಹೆಂಡತಿ, ಎರಡು ಸಣ್ಣ ಮಕ್ಕಳಿಗೆ ಅದು ಹೇಗೋ ಸಾಕಾಗಬಹುದು. ಮಗ ಮದುವೆಯಾದ ದಿನ, ಅತ್ತೆ ಹಾಸಿಗೆ ಹಿಡಿದ ದಿನ, ಮಗಳು ಪರೀಕ್ಷೆಗೆ ಓದಲು ಕುಳಿತ ದಿನ ಅದೇ ಮನೆ ಏನಾಗಬೇಕು?

ಹೊರಗಿನ ಉದಾಹರಣೆಗಳು ನನಗೆ ತಿಳಿದಿವೆ. ವಾಸ್ತುಶಿಲ್ಪಿ ಬಿ. ವಿ. ದೋಶಿ ಅವರು ಇಂದೋರಿನಲ್ಲಿ ರೂಪಿಸಿದ ಅರಣ್ಯ ಬಡಾವಣೆಯಲ್ಲಿ ಬಡ ಕುಟುಂಬಕ್ಕೆ ಕೊಟ್ಟದ್ದು ನಿವೇಶನ, ಪಾಯ, ನೀರು-ಶೌಚದ ವ್ಯವಸ್ಥೆ ಮತ್ತು ಒಂದು ಕೋಣೆ ಮಾತ್ರ. ಉಳಿದದ್ದನ್ನು ಕೈಯಲ್ಲಿ ಕಾಸು ಕೂಡಿದಂತೆ ಅವರವರೇ ಕಟ್ಟಿಕೊಂಡರು. ಚಿಲಿ ದೇಶದ ಇಕೀಕೆ ಪಟ್ಟಣದಲ್ಲಿ ವಾಸ್ತುಶಿಲ್ಪಿ ಅಲೆಹಾಂದ್ರೊ ಅರಾವೆನಾ ಅವರ ತಂಡ 2004ರ ಸುಮಾರಿಗೆ ಕುಟುಂಬವೊಂದಕ್ಕೆ 7,500 ಡಾಲರ್ ಸಹಾಯಧನದಲ್ಲಿ ‘ಅರ್ಧ ಮನೆ’ಯನ್ನಷ್ಟೇ ಗಟ್ಟಿಯಾಗಿ ಕಟ್ಟಿ, ಪಕ್ಕದ ಖಾಲಿ ಜಾಗವನ್ನು ಮುಂದಿನ ಬೆಳವಣಿಗೆಗೆ ಬಿಟ್ಟಿತು. ನೆದರ್ಲ್ಯಾಂಡ್ಸಿನ ವಾಸ್ತುಶಿಲ್ಪಿ ಹಾಬ್ರಾಕೆನ್ ಅವರು 1961ರಷ್ಟು ಹಿಂದೆಯೇ ಕಟ್ಟಡದಲ್ಲಿ ಬಹುಕಾಲ ಉಳಿಯಬೇಕಾದ ಭಾಗವನ್ನೂ ವಾಸಿಸುವವರು ಬದಲಿಸಬಹುದಾದ ಭಾಗವನ್ನೂ ಬೇರ್ಪಡಿಸಬೇಕೆಂದು ವಾದಿಸಿದ್ದರು. ಈ ವಿಚಾರಗಳನ್ನು ಇಲ್ಲಿಗೆ ಹಾಗೆಯೇ ತರುವ ಮನಸ್ಸು ನನಗಿಲ್ಲ. ನಮ್ಮ ನೆಲ, ನಮ್ಮ ಮಳೆ, ನಮ್ಮ ಕುಟುಂಬಗಳನ್ನು ಬಲ್ಲವರು, ಯಾವ ಮನೆಗಳನ್ನು ನೋಡಬೇಕು, ಏನನ್ನು ಅಳೆಯಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ
ಗರಸು_ಗದಗ (ನಿವೃತ್ತ ಅಭಿಯಂತರ)

ಮೇಡಂ ಅವರೇ, ನಮಸ್ಕಾರ. ತಾವು ಜಿಲ್ಲೆಗಳನ್ನು ಹೆಸರಿಸಿದ್ದೀರಿ. ನನ್ನ ವಿನಂತಿ ಏನೆಂದರೆ, ಜಿಲ್ಲೆಯ ಗಡಿಯನ್ನು ಬದಿಗಿಟ್ಟು ಮನೆಗಳನ್ನು ನೆಲದ ಪ್ರಕಾರ ವಿಂಗಡಿಸಿರಿ: ಎರೆ (ಕಪ್ಪು ಮಣ್ಣಿನ) ನೆಲದ ಮನೆಗಳು ಬೇರೆ, ಮಸಾರಿ (ಕೆಂಪು ಮಣ್ಣಿನ) ನೆಲದ ಮನೆಗಳು ಬೇರೆ. ನವಲಗುಂದ, ನರಗುಂದ, ರೋಣದ ಕಡೆಯ ಎರೆಭೂಮಿಯಲ್ಲಿ ಕಲಿತ ಪಾಠ ಕಲಘಟಗಿಯ ಕೆಂಪು ಮಣ್ಣಿನಲ್ಲಿ ನಡೆಯುವುದಿಲ್ಲ. ಅಲ್ಲಿಯದು ಇಲ್ಲಿ ನಡೆಯುವುದು ಇನ್ನೂ ಕಷ್ಟ.

ಎರೆ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಸೀಳುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಇಳಿಯುವುದನ್ನು ನಮ್ಮವರೆಲ್ಲ ನೋಡಿದ್ದಾರೆ. ಅದೇ ಮಣ್ಣು ಪಾಯದ ಕೆಳಗೂ ಇದೆ ಎಂಬುದು ಗೋಡೆ ಸೀಳಿದಾಗಲೇ ನೆನಪಾಗುತ್ತದೆ. ಹಳೆಯ ಮನೆಗೆ ತಾಗಿಸಿ ಹೊಸ ಕೋಣೆಯನ್ನು ಕಟ್ಟಿದರೆ ಏನಾಗುತ್ತದೆ? ಹಳೆಯ ಭಾಗದ ಕೆಳಗಿನ ಮಣ್ಣು ಹಲವು ವರ್ಷ ಸೂರಿನ ನೆರಳಿನಲ್ಲಿದ್ದು ತನ್ನ ತೇವಕ್ಕೆ ಹೊಂದಿಕೊಂಡಿರುತ್ತದೆ. ಹೊಸ ಪಾಯದ ಕೆಳಗಿನ ಮಣ್ಣು ನಿನ್ನೆಯವರೆಗೆ ಬಿಸಿಲು-ಮಳೆ ಕಂಡಿರುತ್ತದೆ. ಎರಡೂ ಒಂದೇ ಹದದಲ್ಲಿ ಏಳುವುದಿಲ್ಲ, ಇಳಿಯುವುದಿಲ್ಲ. ಕೂಡಿಸಿದ ಜಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಸೀಳು ಬೀಳುತ್ತದೆ. ಆದ್ದರಿಂದ, ಬೆಳೆಯುವ ಮನೆಯ ವಿಚಾರ ಎರೆ ನೆಲದಲ್ಲಿ ಪಾಯದ ಪ್ರಶ್ನೆಯಾಗಿ ಆರಂಭವಾಗಬೇಕೇ ಹೊರತು ನಕ್ಷೆಯ ಪ್ರಶ್ನೆಯಾಗಿ ಅಲ್ಲ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಾನು 1994ರಲ್ಲಿ ಎರಡು ಕೋಣೆ ಕಟ್ಟಿಸಿದೆ, 2006ರಲ್ಲಿ ಮೂರನೆಯದನ್ನು ಸೇರಿಸಿದೆ. ಅಭಿಯಂತರನ ಮನೆಯಾದರೂ ಜೋಡಿನಲ್ಲಿ ಬಿರುಕು ಬಂದೇ ಬಂತು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಗಳನ್ನು ಎರಡೂ ತುದಿಗೆ ಸಿಮೆಂಟಿನಿಂದ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದಿಟ್ಟೆ. ಗೋಡೆ ಅಲುಗಾಡಿದರೆ ಗಾಜು ಒಡೆಯಬೇಕು, ಅದು ಆ ಪಟ್ಟಿಯ ಕೆಲಸ. ಮೊದಲನೆಯದು ಮಾರ್ಚಿನಲ್ಲಿ ಒಡೆಯಿತು, ಎರಡನೆಯದು ಮರು ವರ್ಷದ ಮೇ ತಿಂಗಳಲ್ಲಿ. ಬಚ್ಚಲಿನ ಮೂಲೆಯ ಗೋಡೆಯದು ಮಾತ್ರ ಮಳೆಗಾಲದಲ್ಲಿಯೇ ಹೋಯಿತು. ಅಲ್ಲಿ ಮೋರಿ ಸೋರಿ ನೆಲ ಯಾವಾಗಲೂ ನೆನೆಯುತ್ತಿತ್ತು ಎಂಬುದು ಅಗೆದ ಮೇಲೆ ತಿಳಿಯಿತು. ನನ್ನ ಹೆಂಡತಿ ಆ ಗೋಡೆಗೆ ಈಗಲೂ ಕ್ಯಾಲೆಂಡರ್ ತೂಗುಹಾಕುವುದಿಲ್ಲ, ಗಾಜಿಗೆ ತಾಗುತ್ತದೆಂದು.

ಇದಕ್ಕೆ ಉಪಾಯಗಳು ಇಲ್ಲದಿಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬೆಳೆಸಿದ ಅಂಡರ್ ರೀಮ್ಡ್ ಪೈಲ್ ಪದ್ಧತಿಯಲ್ಲಿ ಸುಮಾರು 3.5 ಮೀಟರ್ ಆಳಕ್ಕೆ ಕುಳಿ ಕೊರೆದು, ಬುಡದಲ್ಲಿ ಅದನ್ನು ಎರಡೂವರೆ ಪಟ್ಟು ಅಗಲಿಸಿ ಕಾಂಕ್ರೀಟ್ ತುಂಬುತ್ತಾರೆ. ಮೇಲೆ ಹಾಯುವ ತೊಲೆಗೂ ನೆಲಕ್ಕೂ ನಡುವೆ ಮೂರ್ನಾಲ್ಕು ಇಂಚು ಜಾಗ ಬಿಡುವುದರಿಂದ ಮಣ್ಣು ಉಬ್ಬಿದರೂ ತೊಲೆಯನ್ನು ಎತ್ತುವುದಿಲ್ಲ. ಮುಂಬಯಿಯ ಐಐಟಿಯಲ್ಲಿದ್ದ ಪ್ರೊ. ಆರ್. ಕೆ. ಕಟ್ಟಿ ಅವರು ಉಬ್ಬುವ ಮಣ್ಣಿನ ಮೇಲೆ ಉಬ್ಬದ ಅಂಟುಮಣ್ಣಿನ ದಪ್ಪ ಪದರವನ್ನು ದಮ್ಮಸು ಮಾಡಿದರೆ ಕೆಳಗಿನ ಒತ್ತಡ ಅಡಗುತ್ತದೆಂದು ತೋರಿಸಿದರು, ಮತ್ತು ಆ ವಿಧಾನ ನಮ್ಮದೇ ಮಲಪ್ರಭಾ ಕಾಲುವೆಯ ಕೆಲಸದಲ್ಲಿ ಬಳಕೆಗೆ ಬಂತು. ಹಳ್ಳಿಯ ಗೌಂಡಿಗಳು (ಗಾರೆ ಕೆಲಸದವರು) ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು, ಸಿಗುವವರೆಗೆ ಅಗೆಯುತ್ತಾರೆ, ಸಿಗದಿದ್ದರೆ ಗರಸು ತಂದು ತುಂಬುತ್ತಾರೆ. ಅವರ ರೂಢಿಯ ಹಿಂದೆಯೂ ಇದೇ ತಿಳಿವಳಿಕೆ ಇದೆ.

ಇನ್ನೊಂದು ಮಾತು. ಇಕೀಕೆ ಅಟಕಾಮ ಮರುಭೂಮಿಯ ಅಂಚಿನ ಊರು, ಅಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಖಾಲಿ ಬಿಟ್ಟ ಜಾಗವನ್ನು ಹಲಗೆಯಿಂದ ಮುಚ್ಚಿಕೊಂಡು ಅಲ್ಲಿಯ ಜನ ವರ್ಷಗಟ್ಟಲೆ ಇರಬಲ್ಲರು. ನಮ್ಮಲ್ಲಿ ಅದೇ ಜಾಗ ಶ್ರಾವಣದ ಜಿಟಿಜಿಟಿ ಮಳೆಗೆ ಸಿಕ್ಕರೆ ನೀರು ನೇರವಾಗಿ ಪಾಯಕ್ಕೆ ಇಳಿಯುತ್ತದೆ. ಅರ್ಧ ಮನೆಯ ವಿಚಾರ ಒಳ್ಳೆಯದು. ಆದರೆ ಇಲ್ಲಿ ಅರ್ಧವನ್ನು ಪಕ್ಕಕ್ಕೆ ಬಿಡುವುದಕ್ಕಿಂತ ಮೇಲಕ್ಕೆ ಬಿಡುವುದು ಲೇಸು.

ಉತ್ತರ
ಸಪ್ತಾಪುರದ_ಮಹಡಿ

ಮೇಲಕ್ಕೆ ಬಿಟ್ಟವನ ಅನುಭವವನ್ನೂ ಕೇಳಿರಿ. ಇಪ್ಪತ್ತು-ಮೂವತ್ತರ ನಿವೇಶನದಲ್ಲಿ 2003ರಲ್ಲಿ ನೆಲಮಹಡಿಯನ್ನಷ್ಟೇ ಕಟ್ಟಿ, ಮುಂದೆ ಮಹಡಿ ಎಬ್ಬಿಸಬಹುದೆಂದು ಕಂಬಗಳ ಸರಳುಗಳನ್ನು ಸ್ಲ್ಯಾಬಿನ ಮೇಲೆ ಮೂರು ಅಡಿ ಬಿಟ್ಟಿದ್ದೆ. ಹನ್ನೊಂದು ವರ್ಷ ಅವು ಬಿಸಿಲು-ಮಳೆಯಲ್ಲಿ ನಿಂತವು. ಒಗೆದ ಬಟ್ಟೆಯ ಹಗ್ಗ ಕಟ್ಟಲು ಅನುಕೂಲವಾಯಿತೇ ವಿನಾ ಮಹಡಿಗೆ ಉಪಯೋಗವಾಗಲಿಲ್ಲ. 2014ರಲ್ಲಿ ಕೆಲಸಕ್ಕೆ ಬಂದ ಗೌಂಡಿ ಒಂದು ಸರಳನ್ನು ಸುತ್ತಿಗೆಯಿಂದ ಬಡಿದಾಗ ತುಕ್ಕು ಪದರು ಪದರಾಗಿ ಉದುರಿತು. ಗಟ್ಟಿ ಕಬ್ಬಿಣ ಸಿಗುವವರೆಗೆ ಕಂಬಗಳ ತಲೆಯನ್ನು ಒಡೆದು ಹೊಸ ಸರಳು ಜೋಡಿಸಬೇಕಾಯಿತು. ಸರಳುಗಳಿಗೆ ಸಿಮೆಂಟಿನ ಹಾಲು ಬಳಿದು ಬಡ ಕಾಂಕ್ರೀಟಿನಲ್ಲಿ ಹುದುಗಿಸಿಟ್ಟಿದ್ದರೆ ನಾಲ್ಕು ಚೀಲ ಸಿಮೆಂಟಿನಲ್ಲಿ ಮುಗಿಯುತ್ತಿದ್ದ ಕೆಲಸ ಅದು. ಕಟ್ಟುವಾಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಹಡಿ ಕಟ್ಟಿದ ಕಾರಣವನ್ನು ಧಾರವಾಡದವರಿಗೆ ವಿವರಿಸಬೇಕಾಗಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಗೆಂದು ಬರುವ ಹುಡುಗರಿಗೆ ಎರಡು ಕೋಣೆ ಕೊಟ್ಟರೆ ಬರುವ ಬಾಡಿಗೆ ನನ್ನ ಪಿಂಚಣಿಗೆ ಒಂದು ಊರುಗೋಲಾಗುತ್ತದೆ. ಆದರೆ ಮೆಟ್ಟಿಲನ್ನು ಮೊದಲ ದಿನವೇ ಮನೆಯೊಳಗೆ ಇಟ್ಟಿದ್ದೆ. ಬಾಡಿಗೆಯ ಹುಡುಗರು ರಾತ್ರಿ ಹನ್ನೊಂದಕ್ಕೆ ನಮ್ಮ ಹಾಲಿನ ಮೂಲಕ ಹಾದು ಮೇಲೆ ಹೋಗುವಂತಾಯಿತು. ಕೊನೆಗೆ ಹೊರಗಡೆ ಕಬ್ಬಿಣದ ಮೆಟ್ಟಿಲು ಹಾಕಿಸಿ ಒಳಗಿನದನ್ನು ಒಡೆಸಿದೆ. ಮನೆಯ ಆಯುಷ್ಯದಲ್ಲಿ ಒಂದೇ ಒಂದು ಸಂಗತಿಯನ್ನು ಮೊದಲೇ ಸರಿಯಾಗಿ ನಿರ್ಧರಿಸಬಹುದಾಗಿದ್ದರೆ ನಾನು ಮೆಟ್ಟಿಲಿನ ಜಾಗವನ್ನು ಆರಿಸುತ್ತಿದ್ದೆ.

ಮುಪ್ಪಿನ ವಿಷಯವನ್ನೂ ದಯವಿಟ್ಟು ಅಳತೆಗೆ ಸೇರಿಸಿರಿ. ತಾಯಿಗೆ ಗಾಲಿಕುರ್ಚಿ ಬಂದಾಗ ಬಚ್ಚಲಿನ ಬಾಗಿಲು ಎರಡೂಕಾಲು ಅಡಿ ಅಗಲವಿತ್ತು, ಕುರ್ಚಿ ಒಳಗೆ ಹೋಗಲಿಲ್ಲ. ಸುಗಮ ಪ್ರವೇಶದ ಮಾರ್ಗಸೂಚಿಗಳು 900 ಮಿಲಿಮೀಟರ್ ಅಗಲವನ್ನು ಹೇಳುತ್ತವೆ, ಅಂದರೆ ಹೆಚ್ಚುಕಡಿಮೆ ಮೂರು ಅಡಿ. ಬಾಗಿಲನ್ನು ಕಟ್ಟುವಾಗಲೇ ಮುಕ್ಕಾಲು ಅಡಿ ಹಿಗ್ಗಿಸಿದ್ದರೆ ಏನೂ ಖರ್ಚಿರಲಿಲ್ಲ; ಇಟ್ಟಿಗೆ ಉಳಿಯುತ್ತಿತ್ತು. ಹೊರಬಾಗಿಲಿನದು ಬೇರೆಯದೇ ಕಥೆ. ಇಳಿಜಾರು ಹನ್ನೆರಡಕ್ಕೆ ಒಂದರಂತಿರಬೇಕು ಎನ್ನುತ್ತಾರೆ. ನನ್ನ ಮನೆ ರಸ್ತೆಯಿಂದ ಒಂದೂವರೆ ಅಡಿ ಎತ್ತರದಲ್ಲಿದೆ, ಹಾಗಾದರೆ ಹದಿನೆಂಟು ಅಡಿ ಉದ್ದದ ಇಳಿಜಾರು ಬೇಕು. ಮೂವತ್ತು ಅಡಿ ಆಳದ ನಿವೇಶನದಲ್ಲಿ ಮನೆ ಕಟ್ಟಿ ಮುಗಿದ ಮೇಲೆ ಹದಿನೆಂಟು ಅಡಿಯನ್ನು ಎಲ್ಲಿಂದ ತರುವುದು? ಮಗ್ಗುಲಿನ ಓಣಿಯಂಥ ಜಾಗವನ್ನು ಮೂರು ಅಡಿಯಷ್ಟಾದರೂ ಉದ್ದಕ್ಕೂ ತೆರವಾಗಿ ಬಿಟ್ಟಿದ್ದವರ ಮನೆಯಲ್ಲಿ ಮಾತ್ರ ಅದು ಸಾಧ್ಯವಾದದ್ದನ್ನು ನೋಡಿದ್ದೇನೆ.

ಉತ್ತರ
ಹೊಳೆದಂಡೆ (ರೋಣ ತಾಲೂಕು)

ಇಲ್ಲಿ ಮಾತಾಡಿದವರೆಲ್ಲ ತಮ್ಮ ಮನೆಯನ್ನು ತಾವೇ ಕಟ್ಟಿಸಿಕೊಂಡವರು. ಬೇರೆಯವರು ಕಟ್ಟಿಕೊಟ್ಟ ಮನೆಯಲ್ಲಿ ಇರುವವರ ಮಾತನ್ನು ನಾನು ಹೇಳುತ್ತೇನೆ. 2009ರ ಸೆಪ್ಟೆಂಬರ್ ಕೊನೆಗೆ ಮಲಪ್ರಭೆ ಮತ್ತು ಬೆಣ್ಣಿಹಳ್ಳ ಎರಡೂ ತುಂಬಿ ಬಂದಾಗ ನಮ್ಮೂರಿನ ಮಣ್ಣಿನ ಗೋಡೆಗಳು ನೆನೆದ ಬೆಲ್ಲದಂತೆ ಕುಸಿದವು. ಆಮೇಲೆ ನೆರೆ ಸಂತ್ರಸ್ತರಿಗಾಗಿ ‘ಆಸರೆ’ ಹೆಸರಿನಲ್ಲಿ ಎತ್ತರದ ಜಾಗದಲ್ಲಿ ಮನೆಗಳಾದವು. ಮನೆ ಕೊಟ್ಟವರ ಬಗ್ಗೆ ಕೃತಜ್ಞತೆ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಆದರೆ ಆ ಮನೆಗಳಿಗೆ ನಾವು ಮಾಡಿದ್ದೇನು ಎಂಬುದನ್ನು ನೋಡಲು ತಾವು ಬರಲೇಬೇಕು. ನಮಗೆ ಬಂದದ್ದು ಒಂದು ಹಾಲು, ಒಂದು ಕೋಣೆ, ಅಡುಗೆಯ ಮೂಲೆ, ಹಿಂದೆ ಶೌಚಾಲಯ. ಎಮ್ಮೆಗೆ ಜಾಗವಿಲ್ಲ, ಬಣವೆಗೆ ಜಾಗವಿಲ್ಲ, ಕೂರಿಗೆ-ಕುಂಟೆ ಒರಗಿಸಲು ಗೋಡೆಯಿಲ್ಲ, ಸಂಜೆ ಕುಳಿತು ಮಾತಾಡಲು ಕಟ್ಟೆಯಿಲ್ಲ. ಮೊದಲ ವರ್ಷವೇ ಬಹುತೇಕ ಎಲ್ಲರೂ ಮುಂದೆ ಪತ್ರಾಸ್ (ತಗಡಿನ ಚಪ್ಪರ) ಹಾಕಿಕೊಂಡರು. ಶೌಚಾಲಯದಲ್ಲಿ ಕೆಲವರು ಕಟ್ಟಿಗೆ-ಕುಳ್ಳು ಒಟ್ಟಿದರು, ಕೆಲವರು ಅಲ್ಲಿಯೇ ಜೋಳದ ಚೀಲ ಇಟ್ಟರು. ಹೊರಗಿನವರು ಬಂದು ನಕ್ಕರು. ಆದರೆ ಇಲಿ ಹೋಗದ, ಮಳೆ ಬೀಳದ, ಕಬ್ಬಿಣದ ಬಾಗಿಲಿರುವ ಜಾಗ ಆ ಮನೆಯಲ್ಲಿ ಅದೊಂದೇ ಇತ್ತು. ನಮ್ಮ ಮಾವನವರು ಮೂರು ವರ್ಷ ರಾತ್ರಿ ಹಳೆಯ ಊರಿನಲ್ಲಿ ದನದ ಹತ್ತಿರವೇ ಮಲಗಿದರು, ಹಗಲು ಊಟಕ್ಕೆ ಹೊಸ ಮನೆಗೆ ಬರುತ್ತಿದ್ದರು. ಬೀಗ ಹಾಕಿ ಹಳೆಯ ಊರಿಗೇ ಮರಳಿದವರೂ ಇದ್ದರು, ಮತ್ತು 2019ರ ಆಗಸ್ಟಿನಲ್ಲಿ ಹೊಳೆ ಮತ್ತೆ ಬಂದಾಗ ಅವರು ಮಕ್ಕಳು-ಮರಿ ಕಟ್ಟಿಕೊಂಡು ಅದೇ ಬೀಗ ತೆಗೆಯಲು ಓಡಿ ಬಂದರು.

ತಾವು ಅಳೆಯಲು ಬಂದಾಗ ಗೋಡೆಯಿಂದ ಗೋಡೆಗೆ ಟೇಪು ಹಿಡಿದು ಹೋಗಬೇಡಿರಿ. ಮನೆಯ ಸುತ್ತ ಏನೇನಿದೆ ಎಂಬುದನ್ನು ಬರೆದುಕೊಳ್ಳಿರಿ: ಒರಳು ಎಲ್ಲಿದೆ, ನೀರಿನ ಕೊಡಗಳು ಎಷ್ಟು, ಪಾತ್ರೆ ತಿಕ್ಕುವ ಕಲ್ಲು ಎಲ್ಲಿದೆ, ಹಾಸಿಗೆಗಳನ್ನು ಹಗಲು ಎಲ್ಲಿ ಸುತ್ತಿಡುತ್ತಾರೆ, ಹೆಣ್ಣುಮಕ್ಕಳು ಎಲ್ಲಿ ಬಟ್ಟೆ ಬದಲಿಸುತ್ತಾರೆ. ಈ ಕೊನೆಯ ಪ್ರಶ್ನೆಯನ್ನು ಗಂಡಸು ವಿದ್ಯಾರ್ಥಿಯಿಂದ ಕೇಳಿಸಬೇಡಿರಿ. ನಮ್ಮ ತಂಗಿ ಹೊಲಿಗೆ ಕಲಿತು ಮನೆಯಲ್ಲಿಯೇ ಮಷೀನು ಇಟ್ಟಾಗ ಅದಕ್ಕೆ ಬೆಳಕು ಬೀಳುವ ಜಾಗ ಇಡೀ ಮನೆಯಲ್ಲಿ ಹೊಸ್ತಿಲೊಂದೇ ಆಗಿತ್ತು. ಐದು ವರ್ಷದಿಂದ ಹೊಸ್ತಿಲಲ್ಲಿಯೇ ಕುಳಿತು ಹೊಲಿಯುತ್ತಾಳೆ. ಒಳಗೆ ಹೋಗುವವರೆಲ್ಲ ಅವಳ ಕಾಲು ದಾಟಿ ಹೋಗುತ್ತಾರೆ.

ಉತ್ತರ
ಗೌಂಡಿ_ಮನೆತನ (ಹಾನಗಲ್ಲ)

ಎಲ್ಲ ಹಿರಿಯರಿಗೂ ನಮಸ್ಕಾರ. ನಮ್ಮ ತಂದೆ ಗೌಂಡಿ, ನಾನು ಸಣ್ಣ ಗುತ್ತಿಗೆದಾರ. ಸಾಮಗ್ರಿಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಹೊಳೆದಂಡೆಯ ಅಕ್ಕನವರು ಬರೆದದ್ದನ್ನು ಓದಿದ ಮೇಲೆ ಸಾಮಗ್ರಿ ಎರಡನೆಯ ಮಾತೇ ಸರಿ ಎನಿಸುತ್ತದೆ, ಆದರೂ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ತಂಡದಲ್ಲಿ ಪ್ರೊ. ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಒತ್ತು ಮಣ್ಣಿನ ಇಟ್ಟಿಗೆಯನ್ನು ಬೆಳೆಸಿದರು. ಮಣ್ಣಿಗೆ ಶೇಕಡಾ 5ರಿಂದ 8ರಷ್ಟು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ, ಒದ್ದೆ ಗೋಣಿಚೀಲ ಹೊದಿಸಿ ಮೂರು-ನಾಲ್ಕು ವಾರ ಕ್ಯೂರಿಂಗ್ ಮಾಡಿದರೆ ಸಾಕು. ಭಟ್ಟಿ ಬೇಡ, ಕಟ್ಟಿಗೆ ಬೇಡ. ಮರಳಿನ ಅಂಶ ಹೆಚ್ಚಿರುವ ನಮ್ಮ ಕಡೆಯ ಕೆಂಪು ಮಣ್ಣು ಇದಕ್ಕೆ ಒಗ್ಗುತ್ತದೆ, ಎರೆ ಮಣ್ಣು ಒಗ್ಗುವುದಿಲ್ಲ. ಪರೀಕ್ಷೆಗೆ ಪ್ರಯೋಗಾಲಯವೇ ಬೇಕೆಂದಿಲ್ಲ. ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಪಾಲು ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕಲಕಿ ರಾತ್ರಿಯಿಡೀ ಬಿಟ್ಟರೆ ಮರಳು ತಳದಲ್ಲಿ, ಜೇಡಿ ಮೇಲೆ, ಪದರಗಳಾಗಿ ನಿಲ್ಲುತ್ತದೆ. ನನ್ನ ಗಾಡಿಯಲ್ಲಿ ಯಾವಾಗಲೂ ಅಂಥ ಎರಡು ಬಾಟಲಿ ಇರುತ್ತವೆ. ಒಮ್ಮೆ ಚೆಕ್‌ಪೋಸ್ಟಿನಲ್ಲಿ ಅದೇನೆಂದು ವಿವರಿಸುವುದು ಕಷ್ಟವಾಗಿತ್ತು.

ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಕೇರಳದಲ್ಲಿ ಜನಪ್ರಿಯಗೊಳಿಸಿದ ರ್ಯಾಟ್ ಟ್ರ್ಯಾಪ್ ಪದ್ಧತಿಯಲ್ಲಿ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಡುವುದರಿಂದ ಒಂಬತ್ತು ಇಂಚಿನ ಗೋಡೆಗೆ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಒಳಗೆ ಬಿಸಿಯೂ ಕಡಿಮೆ. ಆದರೆ ಮೇಡಂ ಅವರ ಪ್ರಶ್ನೆ ಬದಲಾವಣೆಯದು. ಇಂಥ ಗೋಡೆಯಲ್ಲಿ ಹತ್ತು ವರ್ಷದ ಮೇಲೆ ಬಾಗಿಲು ಕೊರೆಯಲು ಹೋದರೆ ಟೊಳ್ಳಿನ ಎರಡೂ ಬದಿಯ ಇಟ್ಟಿಗೆಗಳು ಸಡಿಲವಾಗಿ ಬೇಕಾದ್ದಕ್ಕಿಂತ ದೊಡ್ಡ ರಂಧ್ರವಾಗುತ್ತದೆ. ಅದಕ್ಕೆ ನಮ್ಮ ತಂದೆಯವರ ರೂಢಿ ಹೀಗಿತ್ತು: ಮುಂದೆ ಎಲ್ಲಿ ಬಾಗಿಲು ಬರಬಹುದೆಂದು ಮನೆಯ ಹೆಂಗಸರನ್ನು ಕೇಳಿಕೊಂಡು, ಅಲ್ಲಿ ಮೊದಲೇ ಲಿಂಟಲ್ (ಬಾಗಿಲ ಮೇಲಿನ ಅಡ್ಡತೊಲೆ) ಕೂಡಿಸಿ, ಅದರ ಕೆಳಗಿನ ಭಾಗವನ್ನು ಸಿಮೆಂಟಿನ ಬದಲು ಬರಿಯ ಮಣ್ಣಿನ ಗಾರೆಯಿಂದ ಕಟ್ಟಿ ಮೇಲೆ ಗಿಲಾಯಿ ಮಾಡಿಬಿಡುತ್ತಿದ್ದರು. ಬೇಕಾದಾಗ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ಬೇರೆ ಕಡೆ ಬಳಸಬಹುದು. ಸಿಮೆಂಟಿನಿಂದ ಕಟ್ಟಿದ ಗೋಡೆಯನ್ನು ಒಡೆದರೆ ಸಿಗುವುದು ಡಬ್ಬರು (ಒಡೆದ ಚೂರು) ಮಾತ್ರ. ಪರಿಸರಕ್ಕೆ ಹಿತವಾದ ಮನೆ ಎನ್ನುವಾಗ ಕಟ್ಟುವ ದಿನದ ಜೊತೆಗೆ ಒಡೆಯುವ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನನಗೆ ತೋರುತ್ತದೆ.

ಈಗ ಬೇಗ ಮುಗಿಯುತ್ತದೆಂದು ಇಡೀ ಗೋಡೆಯನ್ನು ಕಾಂಕ್ರೀಟಿನಲ್ಲಿ ಒಮ್ಮೆಗೇ ಎರಕ ಹೊಯ್ಯುವ ಪದ್ಧತಿಗಳು ಬಂದಿವೆ. 2021ರ ಜನವರಿಯಲ್ಲಿ ಕೇಂದ್ರ ಸರಕಾರ ಆರು ನಗರಗಳಲ್ಲಿ ಆರಂಭಿಸಿದ ಲೈಟ್ ಹೌಸ್ ಎಂಬ ಮಾದರಿ ವಸತಿ ಯೋಜನೆಗಳ ಪೈಕಿ ರಾಜಕೋಟದ್ದು ಅಂಥದ್ದು. ವೇಗವಿದೆ, ಗಟ್ಟಿತನವಿದೆ, ಒಪ್ಪುತ್ತೇನೆ. ಆದರೆ ಅಲ್ಲಿ ಗೋಡೆಯೇ ಭಾರ ಹೊರುವುದರಿಂದ ಮಗನ ಮದುವೆಗೆಂದು ಒಂದು ಬಾಗಿಲನ್ನು ಸರಿಸುವುದಿರಲಿ, ದೇವರ ಗೂಡು ಕೊರೆಯಲೂ ಬರುವುದಿಲ್ಲ.

ಉತ್ತರ
ಪತ್ತಿನ_ಸಂಘ_ಹಾವೇರಿ

ಒಂದು ಸಣ್ಣ ಸೇರ್ಪಡೆ. ತಾವು ಹುಡುಕುವ ಎರಡನೆಯ ಲೆಕ್ಕ ಬ್ಯಾಂಕಿನ ದಾಖಲೆಯಲ್ಲಿ ಸಿಗುವುದಿಲ್ಲ. ಹಳ್ಳಿಯ ಮನೆ ಇನ್ನೂ ಅಜ್ಜನ ಹೆಸರಿನಲ್ಲಿರುತ್ತದೆ. ವಾಟಣಿ ಬಾಯಿಮಾತಿನಲ್ಲಿ ಆಗಿರುತ್ತದೆ. ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ತಮ್ಮ ಹೆಸರಿಗೆ ಬಾರದೆ ಗೃಹಸಾಲ ಸಿಗುವುದು ದುಸ್ತರ. ಆದ್ದರಿಂದ ಕೋಣೆ ಸೇರಿಸುವವರು ಬಂಗಾರ ಅಡವಿಟ್ಟು ಇಲ್ಲವೇ ಕೈಗಡ ತಂದು ಕಟ್ಟುತ್ತಾರೆ, ಅದೂ ಹತ್ತಿ ಅಥವಾ ಮೆಣಸಿನಕಾಯಿಯ ದುಡ್ಡು ಕೈಗೆ ಬಂದ ಮೇಲೆ. ಬ್ಯಾಡಗಿಯ ಪೇಟೆಯಲ್ಲಿ ದರ ಏರಿದ ವರ್ಷ ನಮ್ಮ ಸಂಘದಲ್ಲಿ ಅಡವಿನ ಬಂಗಾರ ಬಿಡಿಸಿಕೊಳ್ಳುವವರೂ ಹೆಚ್ಚು, ಸಿಮೆಂಟಿಗೆ ಮುಂಗಡ ಕೇಳುವವರೂ ಹೆಚ್ಚು. ಎಷ್ಟು ಖರ್ಚಾಯಿತು ಎಂಬುದರ ಜೊತೆಗೆ ಯಾವ ತಿಂಗಳಲ್ಲಿ, ಯಾರ ಒಡವೆಯಿಂದ ಎಂದೂ ಕೇಳಿರಿ. ಉತ್ತರ ಹೇಳುವವರು ಹೆಂಡತಿಯಾಗಿದ್ದರೆ ಲೆಕ್ಕ ನಿಖರವಾಗಿರುತ್ತದೆ, ಇದು ನನ್ನ ಇಪ್ಪತ್ತು ವರ್ಷದ ಅನುಭವ.

ಮರುಪ್ರಶ್ನೆ
ಮಾಳಮಡ್ಡಿ_ಅಧ್ಯಾಪಕಿ (ಧಾರವಾಡ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾನು ತಯಾರಿಸಿಟ್ಟಿದ್ದ ಪ್ರಶ್ನಾವಳಿಯನ್ನು ನಿನ್ನೆ ರಾತ್ರಿ ಪಕ್ಕಕ್ಕಿಟ್ಟು ಹೊಸದನ್ನು ಬರೆಯತೊಡಗಿದ್ದೇನೆ. ಮನೆಗಳನ್ನು ಎರೆ ಮತ್ತು ಮಸಾರಿ ಎಂದು ವಿಂಗಡಿಸುತ್ತೇವೆ. ಮನೆಯ ಹೊರಗಿನ ವಸ್ತುಗಳನ್ನು ಒಳಗಿನವುಗಳಷ್ಟೇ ಶ್ರದ್ಧೆಯಿಂದ ಗುರುತಿಸುತ್ತೇವೆ. ಬದಲಾವಣೆಗಳನ್ನು ವರ್ಷದ ಬದಲು ಮನೆಯಲ್ಲಿ ನಡೆದ ಸಂಗತಿಗಳ ಆಧಾರದ ಮೇಲೆ, ಅಂದರೆ ಮದುವೆ, ಬಾಣಂತನ, ವಾಟಣಿ, ದನ ಮಾರಾಟ, ಬಾಡಿಗೆ ಎಂಬಂತೆ, ದಾಖಲಿಸುತ್ತೇವೆ. ಮಹಿಳೆಯರೊಡನೆ ಮಾತಾಡುವ ಕೆಲಸವನ್ನು ನಾನೂ ನನ್ನ ವಿದ್ಯಾರ್ಥಿನಿಯೂ ವಹಿಸಿಕೊಳ್ಳುತ್ತೇವೆ.

ಗದಗಿನ ಹಿರಿಯರಲ್ಲಿ ಒಂದು ಸಂದೇಹ ಉಳಿದಿದೆ. ಪಾಯದಿಂದಲೇ ಆರಂಭಿಸಬೇಕು ಎಂದಿರಿ; ಹಾಗಾದರೆ ಎರೆ ನೆಲದಲ್ಲಿ ಮುಂದೆ ಬೆಳೆಯುವ ಭಾಗಕ್ಕೂ ಸೇರಿಸಿ ಪೂರ್ತಿ ಪಾಯವನ್ನು ಮೊದಲೇ ಹಾಕುವುದು ತಾಂತ್ರಿಕವಾಗಿ ಸರಿ ಎಂದು ಒಪ್ಪುತ್ತೇನೆ. ಆದರೆ ನೆರವಿನ ಹಣ ಪಾಯ, ಲಿಂಟಲ್, ಸೂರು, ಪೂರ್ಣ ಎಂಬ ಹಂತಗಳಲ್ಲಿ, ಪ್ರತಿ ಹಂತದ ಛಾಯಾಚಿತ್ರ ನೋಡಿದ ಮೇಲೆ ಬಿಡುಗಡೆಯಾಗುತ್ತದೆ. ಪಾಯ ಎರಡು ಪಟ್ಟು ದೊಡ್ಡದಾದರೂ ಮೊದಲ ಕಂತು ಅಷ್ಟೇ. ಕೂಲಿ ಮಾಡುವ ಕುಟುಂಬ ಹೆಚ್ಚಿನ ಖರ್ಚನ್ನು ತನ್ನ ಕೈಯಿಂದ ಹಾಕಿ, ಆಮೇಲೆ ಗೋಡೆ ಎಬ್ಬಿಸಲು ಹಣವಿಲ್ಲದೆ ನಿಂತರೆ ನಮ್ಮ ಸಲಹೆಯೇ ಅವರಿಗೆ ಮುಳುವಾಗುವುದಿಲ್ಲವೇ?

ಉತ್ತರ
ಗರಸು_ಗದಗ (ನಿವೃತ್ತ ಅಭಿಯಂತರ)

ಆಗುತ್ತದೆ, ಮೇಡಂ. ಕಿಟಕಿಯ ಮಟ್ಟಕ್ಕೆ ನಿಂತುಹೋದ ಗೋಡೆಗಳನ್ನು ಕೆಲಸದಲ್ಲಿದ್ದಾಗ ಸಾಕಷ್ಟು ನೋಡಿದ್ದೇನೆ. ಪೂರ್ತಿ ಪಾಯ ಹಾಕಲಾಗದಿದ್ದರೆ ಇನ್ನೊಂದು ದಾರಿ ಇದೆ: ಮುಂದೆ ಬರುವ ಕೋಣೆಯನ್ನು ಹಳೆಯದಕ್ಕೆ ಕಚ್ಚಿಸಬಾರದು. ನಡುವೆ ಒಂದು ಇಂಚು ಬಿಟ್ಟು ಬೇರೆ ಗೋಡೆ, ಬೇರೆ ಪಾಯ. ಬಿಟ್ಟ ಸಂದಿನ ಮೇಲೆ ತಗಡಿನ ಮುಚ್ಚಳ. ಎರಡೂ ತಮ್ಮ ಪಾಡಿಗೆ ಏರಿ ಇಳಿಯಲಿ. ಒಂದು ಗೋಡೆಯ ಖರ್ಚು ಹೆಚ್ಚು ಬೀಳುತ್ತದೆ, ಆದರೆ ಆ ಖರ್ಚು ಬೀಳುವುದು ಹಣವಿದ್ದಾಗ, ಹತ್ತು ವರ್ಷದ ಮೇಲೆ. ಅದಕ್ಕಾಗಿ ಇಂದು ಮಾಡಬೇಕಾದದ್ದು ಇಷ್ಟೇ: ಬಚ್ಚಲಿನ ನೀರು ಆ ಕಡೆಗೆ ಹರಿಯದಂತೆ ನೋಡಿಕೊಳ್ಳುವುದು ಮತ್ತು ಅಲ್ಲಿ ಬೇವಿನ ಗಿಡ ನೆಡದಿರುವುದು. ಈ ಎರಡು ಪದ್ಧತಿಗಳಲ್ಲಿ ಯಾವುದು ಅಗ್ಗ ಎಂಬುದನ್ನು ಲೆಕ್ಕ ಹಾಕಿ ತೋರಿಸಿದರೆ ತಮ್ಮ ಅಧ್ಯಯನ ನಮ್ಮಂಥವರಿಗೂ ಉಪಯೋಗಕ್ಕೆ ಬರುತ್ತದೆ.

ಸೀಳುಗಳನ್ನು ಅಳೆಯಲು ವರ್ಷಕ್ಕೆ ಎರಡು ಸಲ ಬನ್ನಿರಿ, ಒಮ್ಮೆ ಯುಗಾದಿಯ ಆಚೀಚೆ, ಒಮ್ಮೆ ಗಣೇಶ ಚೌತಿಯ ಹೊತ್ತಿಗೆ. ಒಂದೇ ಸಲ ಬಂದವರಿಗೆ ಅರ್ಧ ಬಿರುಕು ಕಾಣುವುದಿಲ್ಲ. ಗಾಜಿನ ಪಟ್ಟಿಗಳನ್ನು ಫೋಟೋ ಕಟ್ಟು ಹಾಕುವವರ ಅಂಗಡಿಯಲ್ಲಿ ಉಳಿದ ಚೂರುಗಳಿಂದ ಕತ್ತರಿಸಿಕೊಡುತ್ತಾರೆ. ಒಂದು ಇಂಚು ಅಗಲ, ಐದು ಇಂಚು ಉದ್ದ ಇರಲಿ. ನನ್ನ ಬಳಿ ನಲವತ್ತು ಉಳಿದಿವೆ, ಬಂದಾಗ ಒಯ್ಯಬಹುದು.